ಆಟಕ್ಕೆ ತಕ್ಕ ರ‍್ಯಾಕೆಟ್

"ಯಾವ ಬ್ಯಾಟು ಕೊಳ್ಳಲಿ?" ಎಂದು ನಮ್ಮ ಶಟಲ್ ಆಟಗಾರರನ್ನು ಕೇಳಿ ನೋಡಿ. ಉತ್ತರವಾಗಿ ಬರುವುದು ಒಬ್ಬ ಚಾಂಪಿಯನ್ನನ ಹೆಸರು, ಇಲ್ಲವೇ ಒಂದು ಬೆಲೆ. ಕೇಳಿದವನ ತೋಳು ಎಂಥದು, ಅವನು ಅಂಕಣದಲ್ಲಿ ಎಲ್ಲಿ ನಿಲ್ಲುತ್ತಾನೆ, ಯಾವ ಹೊಡೆತದಿಂದ ಪಾಯಿಂಟು ಗಳಿಸುತ್ತಾನೆ ಎಂದು ವಿಚಾರಿಸುವವರು ಅಪರೂಪ. ಕಾಯಿ ಸುಲಿಯುವವನು ಕೂಡ ತನ್ನ ಎತ್ತರ ನೋಡಿಕೊಂಡೇ ಕಬ್ಬಿಣದ ಮೊನೆಯನ್ನು ನೆಲಕ್ಕೆ ನೆಡುವ ಸೀಮೆ ನಮ್ಮದು. ಇಲ್ಲಿಯೇ ಓದಿದವರಾದ ನಾವು ಇನ್ನೊಬ್ಬನ ಅಳತೆಗೆ ನಮ್ಮ ಕೈಯನ್ನು ಒಗ್ಗಿಸಲು ಹೊರಡುವುದು ವಿಚಿತ್ರವೆನ್ನದೆ ವಿಧಿಯಿಲ್ಲ.

ರ‍್ಯಾಕೆಟ್ಟಿನಲ್ಲಿ ನೋಡಬೇಕಾದುದು ಮುಖ್ಯವಾಗಿ ಮೂರು: ಅದರ ತೂಕ, ಆ ತೂಕ ಎಲ್ಲಿ ನಿಂತಿದೆ ಎಂಬುದು, ಮತ್ತು ದಂಡದ ಬಿಗಿ. ಹಿಡಿಯ ಬಳಿ ಅಚ್ಚಾಗಿರುವ ಗುರುತು ತೂಕವನ್ನು ಹೇಳುತ್ತದೆ. ಬಹಳವಾಗಿ ಬಳಕೆಯಲ್ಲಿರುವ ಕ್ರಮದಲ್ಲಿ ೩ಯು ಎಂದರೆ ೮೫ರಿಂದ ೮೯ ಗ್ರಾಂ, ೪ಯು ಎಂದರೆ ೮೦ರಿಂದ ೮೪ ಗ್ರಾಂ, ೫ಯು ಎಂದರೆ ೭೫ರಿಂದ ೭೯ ಗ್ರಾಂ. ಅಂಕಿ ಏರಿದಂತೆ ತೂಕ ಇಳಿಯುತ್ತದೆ. ಎರಡನೆಯದನ್ನು ತಿಳಿಯಲು ರ‍್ಯಾಕೆಟ್ಟನ್ನು ಬೆರಳಿನ ಮೇಲೆ ಅಡ್ಡಲಾಗಿ ಇಟ್ಟು ನೋಡಿದರೆ ಸಾಕು. ಹಿಡಿಯ ತುದಿಯಿಂದ ಸುಮಾರು ೨೯ ಸೆಂಟಿಮೀಟರಿನಲ್ಲಿ ತೂಗಿ ನಿಂತರೆ ಅದು ಸಮತೂಕದ್ದು. ಆ ಜಾಗ ತಲೆಯ ಕಡೆಗೆ ಸರಿದರೆ ತಲೆಭಾರದ್ದು. ಹಿಡಿಯ ಕಡೆಗೆ ಸರಿದರೆ ತಲೆ ಹಗುರವಾದದ್ದು.

ಈ ವ್ಯತ್ಯಾಸ ಸಣ್ಣದಲ್ಲ. ಎಳನೀರು ಕೆತ್ತುವ ಮಚ್ಚಿನ ಭಾರವೆಲ್ಲ ಮುಂದಿರುತ್ತದೆ; ಬೀಸಿದರೆ ಆ ಭಾರವೇ ಅರ್ಧ ಕೆಲಸ ಮಾಡುತ್ತದೆ. ಹುಲ್ಲು ಕೊಯ್ಯುವ ಕುಡುಗೋಲು ಹಗುರ. ಮಣಿಕಟ್ಟು ಹೇಳಿದಂತೆ ತಿರುಗುತ್ತದೆ. ಎರಡರಲ್ಲಿ ಯಾವುದು ಶ್ರೇಷ್ಠವೆಂದು ಯಾರೂ ಕೇಳುವುದಿಲ್ಲ, ಯಾವ ಕೆಲಸಕ್ಕೆ ಎಂದು ಕೇಳುತ್ತಾರೆ. ಅಂಕಣದ ಹಿಂದೆ ನಿಂತು ಸ್ಮ್ಯಾಷಿನಿಂದಲೇ ಗೆಲ್ಲುವವನಿಗೆ ತಲೆಭಾರದ್ದು ಒಪ್ಪುತ್ತದೆ. ಡಬಲ್ಸಿನಲ್ಲಿ ನೆಟ್ಟಿನ ಮುಂದೆ ನಿಂತು ಕಣ್ಣು ಮಿಟುಕಿಸುವಷ್ಟರಲ್ಲಿ ಪ್ರತ್ಯುತ್ತರ ಕೊಡಬೇಕಾದವನಿಗೆ ತಲೆ ಹಗುರವಾದದ್ದೇ ಸರಿ. ಇನ್ನೂ ತನ್ನ ಆಟ ಯಾವುದೆಂದು ತಿಳಿಯದವನು ಸಮತೂಕದ್ದನ್ನು ಹಿಡಿಯುವುದು ಕ್ಷೇಮ.

ದಂಡದ ಮಾತೂ ಹೀಗೆಯೇ. ಬಾಗುವ ದಂಡ ನಿಧಾನವಾದ ಬೀಸಿಗೆ ತಾನೇ ಸ್ವಲ್ಪ ಚಿಮ್ಮು ಕೊಡುತ್ತದೆ. ಬಿಗಿಯಾದ ದಂಡ ವೇಗದ ಬೀಸನ್ನು ಮಾತ್ರ ಮೆಚ್ಚುತ್ತದೆ; ಉಳಿದವರ ತೋಳನ್ನು ದಣಿಸುತ್ತದೆ. ಗಟ್ಟಿಂಗಿನ ವಿಷಯದಲ್ಲಿಯೂ, ಹೆಚ್ಚು ಬಿಗಿದಷ್ಟೂ ಹೊಡೆತ ಜೋರಾಗುವುದೆಂಬುದು ಭ್ರಮೆ. ಬಿಗಿ ಹೆಚ್ಚಿದಂತೆ ಹಿಡಿತ ಸೂಕ್ಷ್ಮವಾಗುತ್ತದೆ ನಿಜ. ಆದರೆ ಚಿಮ್ಮು ಕುಗ್ಗುತ್ತದೆ, ನಡುವಿಗೆ ತಾಗದ ಹೊಡೆತ ಸತ್ತುಹೋಗುತ್ತದೆ. ಕಲಿಯುವವರಿಗೆ ೨೦ರಿಂದ ೨೪ ಪೌಂಡು ಸಾಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆಯಿಂದ ಬರುವ ನಮಗೆ ಇನ್ನೊಂದು ಕಾರಣದಿಂದಲೂ ಈ ವಿಚಾರ ಮುಖ್ಯ. ನಮ್ಮಲ್ಲಿ ಹಲವರು ಊರ ಬಯಲಿನಲ್ಲಿ ಮೊದಲು ಕಲಿತದ್ದು ಬಾಲ್ ಬ್ಯಾಡ್ಮಿಂಟನ್. ಅದರ ಉಣ್ಣೆಯ ಚೆಂಡು ೨೭ರಿಂದ ೩೦ ಗ್ರಾಂ ತೂಗುತ್ತದೆ. ರ‍್ಯಾಕೆಟ್ಟು ೧೬೫ರಿಂದ ೧೮೫ ಗ್ರಾಂ. ಶಟಲ್ಲಾದರೋ ಐದು ಗ್ರಾಮಿನ ಆಸುಪಾಸಿನದು. ಇಡೀ ತೋಳನ್ನು ಬೀಸಿ ಚೆಂಡು ಹೊಡೆದು ಪಳಗಿದವನಿಗೆ ಶಟಲ್ ರ‍್ಯಾಕೆಟ್ಟು ಆಟದ ಸಾಮಾನಿನಂತೆ ಕಾಣುತ್ತದೆ. "ಇದರಲ್ಲಿ ಬಲವೆಲ್ಲಿದೆ?" ಎಂದು ಅತಿ ಭಾರವಾದದ್ದನ್ನೇ ಆರಿಸುತ್ತಾನೆ. ಆದರೆ ಶಟಲ್ಲಿನಲ್ಲಿ ಬಲವಿರುವುದು ಬೀಸಿನ ವೇಗದಲ್ಲಿ. ಕೊನೆಯ ಗಳಿಗೆಯಲ್ಲಿ ಮುಂಗೈ, ಮಣಿಕಟ್ಟು, ಬೆರಳುಗಳು ಕೊಡುವ ತಿರುವಿನಲ್ಲಿ. ಬಾಲ್ ಬ್ಯಾಡ್ಮಿಂಟನ್ನಿನಿಂದ ಬಂದವರು ೪ಯು ತೂಕದ, ಸಮತೂಕದ, ಕೊಂಚ ಬಾಗುವ ದಂಡದ ರ‍್ಯಾಕೆಟ್ಟಿನಿಂದ ಆರಂಭಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಸ್ಮ್ಯಾಷೇ ಶಟಲ್ ಆಟದ ಸರ್ವಸ್ವವೆಂದು ನಂಬಿದವರು ೧೯೮೦ರ ಆಲ್ ಇಂಗ್ಲೆಂಡ್ ಫೈನಲನ್ನು ನೆನೆಯಬೇಕು. ಹಿಂದಿನ ಎರಡು ವರ್ಷವೂ ಗೆದ್ದಿದ್ದ ಇಂಡೋನೇಷ್ಯದ ಲೀಮ್ ಸ್ವೀ ಕಿಂಗ್ ನೆಗೆದು ಹೊಡೆಯುವ ಸ್ಮ್ಯಾಷಿಗೆ ಲೋಕಪ್ರಸಿದ್ಧರು. ಎದುರಿಗಿದ್ದವರು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ ಆಡಿ ಬೆಳೆದ ಪ್ರಕಾಶ್ ಪಡುಕೋಣೆ. ನಯವಾದ ಸ್ಪರ್ಶ, ಎದುರಾಳಿಯನ್ನು ಮರುಳುಗೊಳಿಸುವ ಮಣಿಕಟ್ಟು, ತಾಳ್ಮೆ ಇವೇ ಅವರ ಆಯುಧ. ಗೆದ್ದವರು ಪ್ರಕಾಶರು, ೧೫-೩, ೧೫-೧೦. ಅವರು ಕಿಂಗರ ಆಟವನ್ನು ಆಡಹೋಗಲಿಲ್ಲ, ತಮ್ಮದನ್ನು ಆಡಿದರು.

"ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆಟ ಬಲ್ಲವನಿಗೆ ಯಾವ ಬ್ಯಾಟಾದರೇನು?" ಎಂದು ಕೆಲವು ಹಿರಿಯರು ಹೇಳುವುದುಂಟು. ಬಲ್ಲವನ ಮಟ್ಟಿಗೆ ಈ ಮಾತು ನಿಜವಿರಬಹುದು. ಅವನು ಹೇಗೋ ಹೊಂದಿಸಿಕೊಳ್ಳುತ್ತಾನೆ. ಕಲಿಯುವವನ ಸ್ಥಿತಿ ಬೇರೆ. ಒಗ್ಗದ ರ‍್ಯಾಕೆಟ್ಟಿನಿಂದ ಅವನ ಭುಜ ನೋಯುತ್ತದೆ, ಹೊಡೆತ ಕೆಡುತ್ತದೆ, ಕಡೆಗೆ "ಈ ಆಟ ನಮ್ಮಂಥವರಿಗಲ್ಲ" ಎಂದು ಅಂಕಣ ಬಿಡುತ್ತಾನೆ. ಇದೇ ನನ್ನನ್ನು ಬಹಳವಾಗಿ ಕಾಡುವ ಸಂಗತಿ. ನಮ್ಮ ಮನೆಗಳಲ್ಲಿ ಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಕುಳಿತ ಮೇಲೆ ಕೊಬ್ಬರಿಯಾಗುತ್ತದೆ. ಆ ಕೊಬ್ಬರಿಯ ದುಡ್ಡಿನಲ್ಲಿ ಒಂದು ಪಾಲು ರ‍್ಯಾಕೆಟ್ಟಾಗುತ್ತದೆ. ತಪ್ಪಿದರೆ ಎರಡನೆಯದನ್ನು ಕೊಡಿಸೆಂದು ತಂದೆಯನ್ನು ಕೇಳುವ ಬಾಯಿ ನಮ್ಮಲ್ಲಿ ಎಷ್ಟು ಜನಕ್ಕಿದೆ? ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನಿಗೆ ಇಂಥ ವಿಷಯದಲ್ಲಿ ಬುದ್ಧಿ ಹೇಳುವ ಅಣ್ಣನೂ ಇರುವುದಿಲ್ಲ.

ಆದುದರಿಂದ ನಮ್ಮ ಅಧ್ಯಾಪಕರಲ್ಲಿ ಮತ್ತು ಕ್ರೀಡಾ ಸಮಿತಿಯಲ್ಲಿ ನನ್ನದೊಂದು ವಿನಂತಿ. ಕಾಲೇಜಿಗೆ ರ‍್ಯಾಕೆಟ್ಟು ಕೊಳ್ಳುವಾಗ ಒಂದೇ ಬಗೆಯದನ್ನು ಡಜನ್ ಲೆಕ್ಕದಲ್ಲಿ ತರುವುದು ಬೇಡ. ಆರು ತಂದರೂ ಸಾಕು: ತಲೆಭಾರದ್ದು ಎರಡು, ಸಮತೂಕದ್ದು ಎರಡು, ತಲೆ ಹಗುರವಾದದ್ದು ಎರಡು. ಇವುಗಳಲ್ಲಿ ಕೆಲವದರ ಹಿಡಿ ಸಣ್ಣದಿರಲಿ. ಸಣ್ಣ ಹಿಡಿಗೆ ಗ್ರಿಪ್ ಸುತ್ತಿ ದಪ್ಪ ಮಾಡಿಕೊಳ್ಳಬಹುದು. ದಪ್ಪ ಹಿಡಿಯನ್ನು ಸಣ್ಣಗೆ ಮಾಡಲಾಗದು. ನಮ್ಮ ವಿದ್ಯಾರ್ಥಿನಿಯರಿಗೆ ಇದರಿಂದ ಬಹಳ ಅನುಕೂಲವಾದೀತು. ಹೊಸದಾಗಿ ಆಟಕ್ಕೆ ಬಂದವರು ಒಂದೊಂದನ್ನು ಒಂದೊಂದು ವಾರ ಆಡಿ ನೋಡಲಿ. ಯಾವುದರಲ್ಲಿ ತೋಳು ನೋಯದೆ ಶಟಲ್ ಹಿಂದಿನ ಗೆರೆಯವರೆಗೆ ಹೋಗುತ್ತದೆಯೋ ಅದನ್ನು ಗುರುತಿಟ್ಟುಕೊಳ್ಳಲಿ. ಆಮೇಲೆ ಪೇಟೆಗೆ ಹೋಗಲಿ. ಅಂಗಡಿಯವನು ಯಾರ ಹೆಸರು ಹೇಳಿದರೂ ಅವರು ಕೇಳಬೇಕಾದುದು ಏನೆಂಬುದು ಆಗ ಅವರಿಗೇ ಗೊತ್ತಿರುತ್ತದೆ.