ಓದಲು ಎರಡೂ ಕೈ ಬೇಕು

"ಓದೋದಾ? ಒಳ್ಳೇ ಕತೆ! ಕೂತು ಕಾಫಿ ಕುಡಿಯೋಕೇ ಪುರುಸೊತ್ತಿಲ್ಲ ಇಲ್ಲಿ."

ಯಾವ ಗೃಹಿಣಿಯನ್ನು ಕೇಳಿದರೂ ಹೆಚ್ಚುಕಡಿಮೆ ಇದೇ ಉತ್ತರ. ಕಾಲೇಜಿನ ದಿನಗಳಲ್ಲಿ ಫಿಸಿಕ್ಸ್ ಪುಸ್ತಕದೊಳಗೆ ಸಾಯಿಸುತೆ ಕಾದಂಬರಿ ಅಡಗಿಸಿಟ್ಟು ಓದಿದವರು, ವಾರಪತ್ರಿಕೆ ಮನೆಗೆ ಬಂದ ತಕ್ಷಣ ಧಾರಾವಾಹಿಯ ಪುಟಕ್ಕಾಗಿ ಅಕ್ಕನ ಜೊತೆ ಜಗಳ ಆಡಿದವರು ಕೂಡ ಇದನ್ನೇ ಹೇಳುತ್ತಾರೆ. ಪುರುಸೊತ್ತಿಲ್ಲ ಅನ್ನೋದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ ಅಂತ ನನಗೆ ಹೊಳೆದದ್ದು ಗೆಳತಿಯೊಬ್ಬಳ ಒಂದು ವರ್ಷದ ಕತೆ ಕೇಳಿದ ಮೇಲೆ. "ಹೆಸರು ಮಾತ್ರ ಹಾಕಬೇಡ ಕಣೇ" ಅಂದಿದ್ದಾಳೆ. ಬೆಂಗಳೂರಿನ ರಾಜಾಜಿನಗರದ ಕಡೆಯವಳು ಅಂತಷ್ಟೇ ಹೇಳುತ್ತೇನೆ.

ಶುರುವಾದದ್ದು ಕನ್ನಡಕದ ಅಂಗಡಿಯಲ್ಲಿ. 2025ರ ಜನವರಿ. ಅಕ್ಕಿಯಲ್ಲಿ ಕಲ್ಲು ಕಾಣುತ್ತಿಲ್ಲ, ಸೂಜಿಗೆ ದಾರ ಪೋಣಿಸೋಕಾಗುತ್ತಿಲ್ಲ ಅಂತ ಕಣ್ಣು ಪರೀಕ್ಷೆಗೆ ಹೋಗಿದ್ದಳು. ನಲವತ್ತೆರಡರ ವಯಸ್ಸು, ಚಾಳೀಸು ಬಂದಿತ್ತು. ಅಲ್ಲಿಯ ಹುಡುಗಿ ಕನ್ನಡದ ಸಣ್ಣ ಅಕ್ಷರಗಳ ಒಂದು ಕಾರ್ಡು ಕೈಗೆ ಕೊಟ್ಟು, "ಓದಿ ಮೇಡಂ" ಅಂದಳು. ಇವಳು ಓದಿದಳು. "ಮನೇಲಿ ಓದೋ ಅಭ್ಯಾಸ ಇದೆಯಾ? ಎಷ್ಟು ಹೊತ್ತು ಓದ್ತೀರ?" ಅಂತ ಆ ಹುಡುಗಿ ನಂಬರಿಗಾಗಿ ಸಹಜವಾಗಿ ಕೇಳಿದ್ದಕ್ಕೆ ಇವಳ ಬಾಯಿಂದ ಉತ್ತರವೇ ಬರಲಿಲ್ಲವಂತೆ. "ದಿನಸಿ ಚೀಟಿ, ಸ್ಕೂಲಿನ ವಾಟ್ಸಾಪ್ ಗ್ರೂಪು, ಔಷಧಿಯ ಎಕ್ಸ್‌ಪೈರಿ ಡೇಟು... ಇಷ್ಟೇ ಕಣೇ ನಾನು ಓದ್ತಿದ್ದಿದ್ದು. ಕಣ್ಣು ಪರೀಕ್ಷೆ ಕಾರ್ಡಿನಲ್ಲಿದ್ದ ನಾಲ್ಕು ಸಾಲೇ ಎಷ್ಟೋ ತಿಂಗಳಲ್ಲಿ ನಾನು ಓದಿದ ದೊಡ್ಡ ಸಾಹಿತ್ಯ" ಅಂತ ನಗುತ್ತಾಳೆ. ಆವತ್ತು ಆಟೋದಲ್ಲಿ ಮನೆಗೆ ಬರುವಾಗ ನಗು ಬಂದಿರಲಿಲ್ಲವಂತೆ.

ಹೊಸ ಕನ್ನಡಕದ ಉತ್ಸಾಹದಲ್ಲಿ ಅವಳು ಮೊದಲು ತಂದದ್ದು ಮಕ್ಕಳನ್ನು ಬೆಳೆಸುವುದು ಹೇಗೆ ಎನ್ನುವ ಪುಸ್ತಕ ಒಂದು, ಸಿರಿಧಾನ್ಯದ ಅಡುಗೆ ಪುಸ್ತಕ ಇನ್ನೊಂದು. ನೋಡಿ, ನಾವು ನಮಗಾಗಿ ಏನಾದರೂ ಕೊಳ್ಳಲು ಹೊರಟರೂ ಕೈ ಮನೆಯವರ ಕಡೆಗೇ ಹೋಗುತ್ತದೆ. ಎರಡೂ ಒಳ್ಳೆಯ ಪುಸ್ತಕಗಳೇ ಇರಬಹುದು. ಆದರೆ ಅದು ಓದಲ್ಲ, ಹೋಮ್‌ವರ್ಕು. ಒಂದು ವಾರದಲ್ಲಿ ಎರಡೂ ಫ್ರಿಜ್ಜಿನ ತಲೆ ಮೇಲೆ ಕೂತವು. ಆಮೇಲೆ ಹುರುಪಿನಿಂದ ಎಸ್.ಎಲ್. ಭೈರಪ್ಪನವರ 'ಪರ್ವ'ಕ್ಕೆ ಕೈಹಾಕಿದಳು. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂತು, ಪುಸ್ತಕ ಅರವತ್ತನೇ ಪುಟದಲ್ಲಿ ನಿಂತಿತು. "ನನ್ನ ಕೈಲಿ ಆಗಲ್ಲ ಬಿಡು" ಅನ್ನುವ ತೀರ್ಮಾನಕ್ಕೂ ಬಂದಳು.

ಇಲ್ಲಿ ನಾನು ಮಧ್ಯೆ ಬಾಯಿ ಹಾಕಬೇಕಾಯಿತು. ಹದಿನೈದು ವರ್ಷ ಓದು ಬಿಟ್ಟವರು ಮತ್ತೆ ಶುರು ಮಾಡುವಾಗ ಇಟ್ಟಿಗೆ ಗಾತ್ರದ ಪುಸ್ತಕ ಎತ್ತಿಕೊಳ್ಳುವುದು, ನಡಿಗೆಯೇ ಇಲ್ಲದವರು ಏಕ್‌ದಂ ಶಿವಗಂಗೆ ಬೆಟ್ಟ ಹತ್ತಲು ಹೊರಟ ಹಾಗೆ. ತೆಳ್ಳಗಿನದು ಹಿಡಿ ಅಂತ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕೊಟ್ಟೆ. ಬಾಲವಿಧವೆಯಾಗಿ ಇಡೀ ಬದುಕು ಕಳೆದ ತಮ್ಮದೇ ಬಂಧುವೊಬ್ಬರ ನಿಜ ಜೀವನದ ಮೇಲೆ ಇಂದಿರಾ ಬರೆದದ್ದು, 1976ರಲ್ಲಿ ಬಂದದ್ದು. ಪ್ರೇಮಾ ಕಾರಂತರ ಸಿನಿಮಾ ಅನೇಕರಿಗೆ ಗೊತ್ತು, ಪುಸ್ತಕ ಓದಿದವರು ಕಡಿಮೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಪ್ರಕಟವಾದಾಗ ಅವರಿಗೆ ನಲವತ್ತೈದು ದಾಟಿತ್ತು ಅನ್ನುವುದನ್ನೂ ಹೇಳಿದೆ. ಸಂಸಾರ, ಮಕ್ಕಳು ಎಲ್ಲ ಆದ ಮೇಲೆ ಒಬ್ಬಾಕೆ ಬರೆಯಲು ಶುರು ಮಾಡಬಹುದಾದರೆ ನಾವು ಓದಲಾದರೂ ಶುರು ಮಾಡಬಹುದಲ್ಲ!

'ಫಣಿಯಮ್ಮ' ನಾಲ್ಕು ದಿನಕ್ಕೆ ಮುಗಿಯಿತು. ಮಧ್ಯಾಹ್ನ ಒಂದೂವರೆಯಿಂದ ಎರಡೂವರೆ, ಕೆಲಸದವಳು ಹೋದ ಮೇಲೆ, ಮಗನ ಸ್ಕೂಲ್ ವ್ಯಾನ್ ಬರುವ ಮೊದಲು. ಆಮೇಲೆ ವಿವೇಕ ಶಾನಭಾಗರ 'ಘಾಚರ್ ಘೋಚರ್', ಅದೂ ಸಣ್ಣದೇ. ಆಮೇಲೆ ವೈದೇಹಿಯವರ ಕತೆಗಳು. ಕತೆಗಳ ಅನುಕೂಲ ಏನೆಂದರೆ, ಕುಕ್ಕರ್ ಮೂರು ಕೂಗು ಕೂಗುವಷ್ಟರಲ್ಲಿ ಎರಡು ಪುಟ ಆಗುತ್ತದೆ, ಒಂದು ಮಧ್ಯಾಹ್ನಕ್ಕೆ ಒಂದು ಕತೆ. ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ, ಆಗ ಇವಳ ಯಜಮಾನರೇ ಸುದ್ದಿ ಫಾರ್ವರ್ಡ್ ಮಾಡಿ, "ನಿನ್ನ ಲೈನಿನವರು" ಅಂತ ಬರೆದರಂತೆ. ತಮಾಷೆಗೇ ಇರಲಿ, ಹೆಂಡತಿ ಓದುವವಳು ಅಂತ ಆ ಮನೆಯಲ್ಲಿ ಮೊದಲ ಸಲ ಲಿಖಿತವಾಗಿ ಒಪ್ಪಿಗೆ ಸಿಕ್ಕಿದ್ದು ಆವತ್ತು.

ಇಷ್ಟರವರೆಗೆ ಎಲ್ಲ ಚೆಂದ. ಜೂನ್ ಕೊನೆಯಲ್ಲಿ ಒಂದು ಘಟನೆ ನಡೆಯಿತು.

ಮಗ ನಾಲ್ಕನೇ ಕ್ಲಾಸು. ವ್ಯಾನು ಆವತ್ತು ಅರ್ಧ ಗಂಟೆ ಮುಂಚೆ ಬಂದಿದೆ. ಕರೆಂಟ್ ಇಲ್ಲ, ಬೆಲ್ ಕೆಲಸ ಮಾಡುತ್ತಿಲ್ಲ. ಇವಳು ಒಳಗಿನ ರೂಮಿನಲ್ಲಿ ಪುಸ್ತಕದಲ್ಲಿ ಮುಳುಗಿದ್ದಾಳೆ. ಅತ್ತೆ ಮಲಗಿದ್ದಾರೆ. ಹುಡುಗ ಹತ್ತು ನಿಮಿಷ ಬಾಗಿಲು ಬಡಿದು, ಮಳೆಯಲ್ಲಿ ನೆನೆದು, ಕೊನೆಗೆ ಎದುರು ಮನೆಗೆ ಹೋಗಿ ಕೂತಿದ್ದಾನೆ. ಎದುರು ಮನೆಯಾಕೆ ಕರೆತಂದಾಗ ಇವಳ ಕೈಯಲ್ಲಿ ಇನ್ನೂ ಪುಸ್ತಕವಿತ್ತು. ಸಂಜೆ ಗಂಡ ಜೋರಾಗಿ ಏನೂ ಅನ್ನಲಿಲ್ಲ. "ನಿನ್ನ ಕಾದಂಬರಿ ಮುಗೀತಾ?" ಅಂತಷ್ಟೇ ಕೇಳಿದರು. ಅತ್ತೆಯೂ, "ಹೆಂಗಸರು ಹಗಲು ಹೊತ್ತು ಪುಸ್ತಕ ಹಿಡ್ಕೊಂಡು ಕೂತ್ರೆ ಹೀಗೇನಮ್ಮ ಆಗೋದು" ಅಂದರು. ಮಗನಿಗೆ ಎರಡು ದಿನ ನೆಗಡಿ. ಇವಳಿಗೆ ಎರಡು ತಿಂಗಳು ಪುಸ್ತಕ ಬಂದ್.

ಗೆಳತಿ ಇದನ್ನು ಹೇಳುವಾಗ ಈಗಲೂ ದನಿ ಸಣ್ಣದಾಗುತ್ತದೆ. ನಾನು ಒಂದೇ ಪ್ರಶ್ನೆ ಕೇಳಿದೆ. ಆ ಹತ್ತು ನಿಮಿಷ ನೀನು ಸ್ನಾನದ ಮನೆಯಲ್ಲಿದ್ದಿದ್ದರೆ? ನಿದ್ದೆ ಹೋಗಿದ್ದರೆ? ಮಿಕ್ಸಿ ಸದ್ದಿನಲ್ಲಿ ಕೇಳಿಸದೇ ಇದ್ದಿದ್ದರೆ? "ಪಾಪ, ಗೊತ್ತಾಗಲಿಲ್ಲ" ಅನ್ನುತ್ತಿದ್ದರು, ಅಷ್ಟೇ.

ವಿಷಯ ಇರುವುದು ಇಲ್ಲಿ ನೋಡಿ. ಸಂಜೆ ಟೀವಿ ಧಾರಾವಾಹಿ ನೋಡುತ್ತಾ ಒಂದು ಗಂಟೆ ಕೂತರೆ ಯಾವ ಮನೆಯಲ್ಲೂ ಅಷ್ಟು ಆಕ್ಷೇಪವಿಲ್ಲ. ಯಾಕೆಂದರೆ ಟೀವಿ ನೋಡುತ್ತಾ ಅವರೆಕಾಳು ಹಿತುಕಬಹುದು, ಸೊಪ್ಪು ಬಿಡಿಸಬಹುದು, ಬಟ್ಟೆ ಮಡಿಸಬಹುದು, "ಅಮ್ಮಾ ಚಾರ್ಜರ್ ಎಲ್ಲಿ?" ಅಂದರೆ ತಲೆ ಎತ್ತದೇ ಉತ್ತರ ಕೊಡಬಹುದು. ಫೋನೂ ಹಾಗೇ, ಒಂದು ಕೈಗೆ ಸಾಕು. ಪುಸ್ತಕಕ್ಕೆ ಎರಡೂ ಕೈ ಬೇಕು, ಎರಡೂ ಕಣ್ಣು ಬೇಕು, ಮನಸ್ಸಂತೂ ಪೂರ್ತಿ ಬೇಕು. ಪುಸ್ತಕ ಹಿಡಿದ ಹೆಂಗಸು ಮನೆಯಲ್ಲಿದ್ದೂ ಮನೆಗೆ ಸಿಗುವುದಿಲ್ಲ. ಮನೆಯವರಿಗೆ ಕಸಿವಿಸಿಯಾಗುವುದು ಅದಕ್ಕೇ. ಮನೆಯವರನ್ನೇ ಯಾಕೆ ದೂರಬೇಕು, ಒಳಗೊಳಗೇ ನಮಗೂ ಕಸಿವಿಸಿ. ಸಮಯ ಹೇಗೋ ಹೊಂದಿಸಬಹುದು, ಈ ಅಳುಕನ್ನು ಹೊಂದಿಸುವುದೇ ಕಷ್ಟ.

ಶ್ರಾವಣದ ಹಬ್ಬಗಳಲ್ಲಿ ಓದುವ ಮಾತೇ ಇರಲಿಲ್ಲ. ಗೌರಿ-ಗಣೇಶ ಮುಗಿದ ಮೇಲೆ ಆಸ್ತಿ ತೆರಿಗೆಯ ಹಳೇ ರಸೀದಿಗಳನ್ನು ಫೈಲು ಮಾಡುತ್ತಿದ್ದಾಗ 'ಗ್ರಂಥಾಲಯ ಕರ' ಅನ್ನುವ ಬಾಬತ್ತು ಅವಳ ಕಣ್ಣಿಗೆ ಬಿತ್ತು. ನಿಮ್ಮಲ್ಲೂ ಎಷ್ಟೋ ಜನ ಇದನ್ನು ಗಮನಿಸಿರಲಿಕ್ಕಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರು ರೂಪಾಯಿಯಂತೆ ಗ್ರಂಥಾಲಯಕ್ಕಾಗಿ ನಮ್ಮಿಂದ ವಸೂಲಾಗುತ್ತದೆ. ಬಾಡಿಗೆ ಮನೆಯವರೇನೂ ಬಿಟ್ಟಿ ಅಲ್ಲ, ಓನರ್ ಅದನ್ನು ಬಾಡಿಗೆಯಲ್ಲಿ ಸೇರಿಸಿಯೇ ಇರುತ್ತಾರೆ! "ದುಡ್ಡು ಕಟ್ಟಿದ್ದೀವಿ, ಪುಸ್ತಕ ಯಾಕೆ ಬಿಡಬೇಕು?" ಅಂತ ಮಾರನೇ ದಿನವೇ ಬಡಾವಣೆಯ ಲೈಬ್ರರಿಗೆ ಹೋಗಿ ಸದಸ್ಯೆಯಾದಳು. ವಿಳಾಸದ ದಾಖಲೆ, ಚಿಕ್ಕ ಠೇವಣಿ, ಅಷ್ಟೇ. ಪೇಪರ್ ಓದುವ ಹಿರಿಯರು, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಹುಡುಗರ ನಡುವೆ ಅಲ್ಲಿ ಅವಳೊಬ್ಬಳೇ ಹೆಂಗಸು. ಮೊದಲ ದಿನ ಮುಜುಗರ, ಮೂರನೇ ವಾರಕ್ಕೆ ಲೈಬ್ರರಿಯವರೇ ಪುಸ್ತಕ ತೆಗೆದಿಡಲು ಶುರು ಮಾಡಿದರು. ಲೈಬ್ರರಿಯ ಇನ್ನೊಂದು ಗುಣವೆಂದರೆ, ವಾಪಸ್ ಕೊಡಬೇಕಾದ ತಾರೀಖು ಇರುತ್ತದೆ. ಕೊಂಡ ಪುಸ್ತಕ ಕಾಯುತ್ತಾ ಕೂರುತ್ತದೆ, ಎರವಲು ತಂದದ್ದು ಕಾಯುವುದಿಲ್ಲ.

ಈ ಸಲ ಅವಳು ಕದ್ದುಮುಚ್ಚಿ ಓದಲಿಲ್ಲ. ರಾತ್ರಿ ಊಟದ ಹೊತ್ತಿನಲ್ಲಿ ಎಲ್ಲರ ಎದುರೇ ಹೇಳಿದಳು, "ಒಂದೂವರೆಯಿಂದ ಎರಡೂವರೆ ನಾನು ಓದ್ತೀನಿ. ಹಾಲಿನಲ್ಲೇ ಕೂತ್ಕೋತೀನಿ, ಬಾಗಿಲ ಹತ್ರ. ವ್ಯಾನ್ ಡ್ರೈವರ್‌ಗೆ ಮಿಸ್ಡ್ ಕಾಲ್ ಕೊಡೋಕೆ ಹೇಳಿದ್ದೀನಿ. ರಕ್ತ ಬಂದ್ರೆ, ಬೆಂಕಿ ಬಿದ್ರೆ ಕರೀರಿ." ನನಗೆ ಅವಳ ಇಡೀ ವರ್ಷದಲ್ಲಿ ತುಂಬಾ ಇಷ್ಟವಾದದ್ದು ಈ ಮಾತೇ. ರೂಮಿನ ಬಾಗಿಲು ಹಾಕಿಕೊಂಡು ಓದಿದರೆ ಅಪರಾಧದ ಹಾಗೆ ಕಾಣುತ್ತದೆ. ನಡುಮನೆಯಲ್ಲಿ ಕೂತು ಓದಿದರೆ ಒಂದು ತಿಂಗಳಲ್ಲಿ ಅದೂ ಪೂಜೆ, ವಾಕಿಂಗಿನ ಹಾಗೆ ಮನೆಯ ಟೈಮ್‌ಟೇಬಲ್ಲಿನ ಭಾಗವಾಗಿಬಿಡುತ್ತದೆ. ವಾರಕ್ಕೆ ಎರಡು ದಿನ ತಪ್ಪುತ್ತದೆ. ತಪ್ಪಲಿ ಬಿಡಿ.

ವರ್ಷಕ್ಕೆ ಒಟ್ಟು ಹನ್ನೊಂದು ಪುಸ್ತಕವಂತೆ, ಅದರಲ್ಲಿ ಎರಡು ಅರ್ಧಕ್ಕೇ ಬಿಟ್ಟದ್ದು. ಹಿಡಿಸದ ಪುಸ್ತಕವನ್ನು ಪೂರ್ತಿ ಮುಗಿಸಲೇಬೇಕೆಂದು ಒದ್ದಾಡಬೇಡಿ, ಅದೇನು ತಟ್ಟೆಗೆ ಬಡಿಸಿಕೊಂಡ ಅನ್ನವಲ್ಲ. 'ಪರ್ವ' ಇನ್ನೂ ಅರವತ್ತನೇ ಪುಟದಲ್ಲೇ ಇದೆ.

ಅತ್ತೆಯ ವಿಷಯ ಹೇಳದೇ ಮುಗಿಸಿದರೆ ಸರಿಯಾಗುವುದಿಲ್ಲ. ಎಪ್ಪತ್ತಾರು ವರ್ಷ. ಎರಡೂ ಕಣ್ಣಿನ ಪೊರೆಯ ಆಪರೇಷನ್ ಆಗಿದೆ, ಆದರೂ ಸಣ್ಣ ಅಕ್ಷರ ಕಷ್ಟ. ನವೆಂಬರಿನಲ್ಲಿ ಒಂದು ದಿನ ಸೊಸೆಯ ಮಗ್ಗುಲಲ್ಲಿ ಬಂದು ಕೂತು, "ತ್ರಿವೇಣೀದು ಸಿಗುತ್ತಾ ನಿಮ್ಮ ಲೈಬ್ರರೀಲಿ?" ಅಂತ ಕೇಳಿದರಂತೆ. ಕೇಳುತ್ತಾ ಹೋದಂತೆ ಹೊರಬಂತು. ಹಿಂದೆ ಸೈಕಲ್ಲಿನಲ್ಲಿ ಮನೆಮನೆಗೆ ಬಾಡಿಗೆ ಕಾದಂಬರಿ ತರುತ್ತಿದ್ದವನ ಹತ್ತಿರ 'ಬೆಕ್ಕಿನ ಕಣ್ಣು' ತೆಗೆದುಕೊಂಡಿದ್ದರು. ಅರ್ಧ ಓದಿದ್ದಾಗ ಹೆರಿಗೆಗೆ ತೌರಿಗೆ ಹೋಗಬೇಕಾಯಿತು. ಬಾಣಂತನ ಮುಗಿಸಿ ಬರುವಷ್ಟರಲ್ಲಿ ಮಾವನವರು ಪುಸ್ತಕ ವಾಪಸ್ ಕೊಟ್ಟು, ಮನೆಗೆ ಬರುವುದು ಬೇಡ ಅಂತ ಸೈಕಲ್ಲಿನವನಿಗೂ ಹೇಳಿಬಿಟ್ಟಿದ್ದರು. "ಆಮೇಲೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೊನೇಗೆ ಏನಾಯ್ತು ಅಂತ ಗೊತ್ತೇ ಆಗಲಿಲ್ಲ ನೋಡು" ಅಂದರಂತೆ. ಆ ಹೆರಿಗೆಯಲ್ಲಿ ಹುಟ್ಟಿದ ಮಗನೇ ನನ್ನ ಗೆಳತಿಯ ಗಂಡ. ಅವರಿಗೀಗ ನಲವತ್ತೆಂಟು.

ಡಿಸೆಂಬರಿನಲ್ಲಿ ಪುಸ್ತಕ ಸಿಕ್ಕಿತು. ಅತ್ತೆಗೆ ಮೊದಲರ್ಧ ಮರೆತೇಹೋಗಿದ್ದರಿಂದ ಶುರುವಿನಿಂದಲೇ ಓದುತ್ತಿದ್ದಾರೆ. ಅವರೆಕಾಯಿ ಕಾಲ ಬೇರೆ. ಅತ್ತೆ ಮೊರದ ಮುಂದೆ ಕೂತು ಕಾಳು ಹಿತುಕುತ್ತಾರೆ, ಸೊಸೆ ಜೋರಾಗಿ ಓದುತ್ತಾಳೆ. ಮೊನ್ನೆ ನಾನು ಫೋನ್ ಮಾಡಿದಾಗ ಮುಕ್ಕಾಲು ಭಾಗ ಮುಗಿದಿತ್ತು. ಕೊನೆ ನೀನಾದರೂ ಓದಿ ನೋಡಿದೆಯಾ ಅಂದೆ. "ಇಲ್ಲಪ್ಪ, ಮುಖ ನೋಡೇ ಕಂಡುಹಿಡಿದುಬಿಡ್ತಾರೆ, ಅದಕ್ಕೇ ಮುಂದಿನ ಪುಟ ತಿರುಗಿಸೇ ಇಲ್ಲ. ಇಡ್ಲಾ? ಒಂದೂವರೆ ಆಯ್ತು, ಅತ್ತೆ ಕಾಯ್ತಾ ಇದ್ದಾರೆ" ಅಂತ ಫೋನ್ ಇಟ್ಟೇಬಿಟ್ಟಳು.