ಹೈಡ್ರೋಜನ್ ಒಳಗೇ ಕಿಡಿ ಹಾರಿಸಿದರೂ ಸ್ಫೋಟ ಆಗುವುದಿಲ್ಲ ಏಕೆ?

ಹೈಡ್ರೋಜನ್ ತುಂಬಿದ ಡಬ್ಬಿಯೊಳಗೆ ಸಾವಿರಾರು ವೋಲ್ಟ್ ಕಿಡಿ ಹಾರಿಸಿದರೆ ಸ್ಫೋಟ ಖಚಿತ ಎಂದುಕೊಂಡಿದ್ದೀರಾ? ಎಂಜಿನಿಯರ್‌ಗಳು ಬೇಕೆಂದೇ ಹಾಗೆ ಮಾಡುತ್ತಾರೆ, ಅದೂ ಸೆಕೆಂಡಿಗೆ ಹಲವು ಬಾರಿ. ಆ ಸಾಧನದ ಹೆಸರು ಸ್ಪಾರ್ಕ್ ಗ್ಯಾಪ್. ಎರಡು ಲೋಹದ ತುದಿಗಳ ನಡುವೆ ಪುಟ್ಟ ಅಂತರ; ವೋಲ್ಟೇಜ್ ಮಿತಿ ಮೀರಿದೊಡನೆ ಕಿಡಿ ಹಾರಿ ವಿದ್ಯುತ್ ಹರಿಯುತ್ತದೆ, ಸ್ವಿಚ್ ಆನ್ ಆದ ಹಾಗೆ. (ಗಾಳಿಯಲ್ಲಾದರೆ ಒಂದು ಸೆಂಟಿಮೀಟರ್ ಅಂತರಕ್ಕೆ ಸುಮಾರು 30,000 ವೋಲ್ಟ್ ಬೇಕು.)

ಕಷ್ಟ ಇರುವುದು ಮತ್ತೆ ಆಫ್ ಆಗುವುದರಲ್ಲಿ. ಕಿಡಿ ಆರಿದ ಮೇಲೂ ಅಲ್ಲಿನ ಅನಿಲ ಬಿಸಿಯಾಗಿಯೇ ಇರುತ್ತದೆ. ಆಗ ಮತ್ತೆ ವೋಲ್ಟೇಜ್ ಕೊಟ್ಟರೆ ಮಿತಿ ತಲುಪುವ ಮೊದಲೇ ಕಿಡಿ ಹಾರಿಬಿಡುತ್ತದೆ. ಹೈಡ್ರೋಜನ್ ಗಾಳಿಗಿಂತ ಸುಮಾರು 7 ಪಟ್ಟು ಚೆನ್ನಾಗಿ ಶಾಖ ಸಾಗಿಸುವುದರಿಂದ ಬೇಗ ತಣಿದು ಮುಂದಿನ ಸರದಿಗೆ ಸಿದ್ಧವಾಗುತ್ತದೆ. ಆದರೆ ವೋಲ್ಟೇಜ್ ತಡೆಯುವ ಶಕ್ತಿ ಇದಕ್ಕೆ ಗಾಳಿಗಿಂತ ಕಡಿಮೆ. ಅದಕ್ಕೇ ಹೆಚ್ಚು ಒತ್ತಡದಲ್ಲಿ ತುಂಬುತ್ತಾರೆ.

ಸ್ಫೋಟದ ಮಾತು? ಉರಿಯಲು ಆಮ್ಲಜನಕ ಬೇಕು, ಡಬ್ಬಿಯೊಳಗೆ ಅದೇ ಇಲ್ಲ. ಗಾಳಿಯಲ್ಲಿ ಹೈಡ್ರೋಜನ್ ಶೇ. 4ರಿಂದ 75ರಷ್ಟು ಬೆರೆತಿದ್ದರೆ ಮಾತ್ರ ಹೊತ್ತಿಕೊಳ್ಳುತ್ತದೆ. ಹಾಗಾಗಿ ಹೆದರಬೇಕಾದ್ದು ಕಿಡಿಗಲ್ಲ, ಸೋರಿಕೆಗೆ. ವಿಡಿಯೋ ನೋಡಿ ಮನೆಯಲ್ಲಿ ಬಾಟಲಿಗೆ ಹೈಡ್ರೋಜನ್ ಹಿಡಿಯಲು ಹೋಗಬೇಡಿ; ಅದರೊಳಗೆ ಗಾಳಿಯೂ ಸೇರಿಕೊಂಡಿರುತ್ತದೆ.