ಸ್ಮಾರಕ ವೃಕ್ಷ ಎಲ್ಲಿರಬೇಕು?

ಸತ್ತವರ ಬೂದಿಯನ್ನು ಹರಿಯುವ ನೀರಿನಲ್ಲಿ ಬಿಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಕಳಸ, ಮೂಡಿಗೆರೆಗಳ ಜನರಿಗೆ ಭದ್ರೆ, ಹೇಮಾವತಿಗಳು ಹತ್ತಿರದ ನದಿಗಳೇ. ಆದರೆ ಈಚೆಗೆ ಕಾಫಿಸೀಮೆಯ ಕೆಲವು ವಿದ್ಯಾವಂತ ಮನೆತನಗಳಲ್ಲಿ ಬೇರೊಂದು ಆಸೆ ಕೇಳಿಬರುತ್ತಿದೆ. ಅಗಲಿದ ಹಿರಿಯರ ಬೂದಿಯನ್ನು ದಟ್ಟ ಕಾಡಿನ ಮಹಾವೃಕ್ಷವೊಂದರ ಬುಡಕ್ಕೆ ಹಾಕಬೇಕು. ಆ ಮರದಲ್ಲಿ ಅವರು ಬಾಳಬೇಕು. ಭಾವನೆ ಗೌರವಕ್ಕೆ ಪಾತ್ರವಾದದ್ದೇ. ಆದರೆ ಆ ಮರವನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿಯೋ ಭದ್ರಾ ಅಭಯಾರಣ್ಯದಲ್ಲಿಯೋ ಆರಿಸುವುದು ಯೋಗ್ಯವಲ್ಲವೆಂದು ನನ್ನ ಅಭಿಪ್ರಾಯ.

ಮೊದಲಿಗೆ, ಬೂದಿಯಿಂದ ಮರ ಬೆಳೆಯುತ್ತದೆಯೇ ಎಂಬುದನ್ನು ನೋಡೋಣ. ಹದಿನೇಳನೆಯ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ 200 ಪೌಂಡು ಒಣಮಣ್ಣಿನಲ್ಲಿ 5 ಪೌಂಡಿನ ವಿಲ್ಲೊ ಸಸಿಯನ್ನು ನೆಟ್ಟು, ಐದು ವರ್ಷ ನೀರೆರೆದು ಬೆಳೆಸಿದ. ಮರ 169 ಪೌಂಡಿಗೆ ಏರಿತು. ಮಣ್ಣು ಕಳೆದುಕೊಂಡದ್ದು ಸುಮಾರು ಎರಡು ಔನ್ಸು ಮಾತ್ರ! ಮರವೆಲ್ಲ ನೀರಿನಿಂದಲೇ ಆಯಿತೆಂದು ಆತ ತಿಳಿದ. ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವಿನಿಂದ ಎಲೆಗಳು ಇಂಗಾಲವನ್ನು ಪಡೆಯುತ್ತವೆಂಬುದು ಅನಂತರ ತಿಳಿದುಬಂದಿತು. ಒಣಸೌದೆಯ ತೂಕದಲ್ಲಿ ಸುಮಾರು ಅರ್ಧ ಇಂಗಾಲವೇ. ಮಣ್ಣಿನಿಂದ ಬಂದ ಲವಣಾಂಶವೆಂದರೆ ಸೌದೆ ಉರಿದ ಮೇಲೆ ಒಲೆಯಲ್ಲಿ ಉಳಿಯುವ ಹಿಡಿಯಷ್ಟು ಬೂದಿ.

ಮನುಷ್ಯದೇಹದ ವಿಷಯವೂ ಹೀಗೆಯೇ. 60 ಕಿಲೋಗ್ರಾಂ ತೂಗುವವನಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಇಂಗಾಲ ಸುಮಾರು 11 ಕಿಲೋಗ್ರಾಂ. ಚಿತೆಯಲ್ಲಿ ನೀರು ಆವಿಯಾಗಿ ಹೋಗುತ್ತದೆ; ಇಂಗಾಲ ಹೆಚ್ಚುಕಡಿಮೆ ಎಲ್ಲವೂ ವಾಯುವಾಗಿ ಗಾಳಿಯನ್ನು ಸೇರುತ್ತದೆ. ಸೌದೆಯ ಬೂದಿಯನ್ನು ಬಿಟ್ಟರೆ, ಉಳಿಯುವ ಎರಡು ಮೂರು ಕಿಲೋಗ್ರಾಂ ಬಹುಪಾಲು ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟು. ಆ 11 ಕಿಲೋಗ್ರಾಂ ಇಂಗಾಲದಲ್ಲಿ ಸುಮಾರು 5.5 × 10²⁶ ಪರಮಾಣುಗಳಿವೆ. ವಾಯುಮಂಡಲದ ತೂಕ ಸುಮಾರು 5 × 10¹⁸ ಕಿಲೋಗ್ರಾಂ. ಅವು ಅದರಲ್ಲಿ ಸಮನಾಗಿ ಹರಡಿದುವೆಂದು ಭಾವಿಸಿದರೆ, ಒಂದೊಂದು ಲೀಟರು ಗಾಳಿಯಲ್ಲಿಯೂ ಆ ದೇಹದ ಲಕ್ಷಕ್ಕೂ ಹೆಚ್ಚು ಪರಮಾಣುಗಳು ಇರುತ್ತವೆ. ವಿದ್ಯಾರ್ಥಿಗಳು ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಹಿರಿಯರು ಕಾಡನ್ನು ಸೇರಬೇಕೆಂದರೆ, ಚಿತೆ ಉರಿದಂದಿನಿಂದಲೇ ಅವರ ಪಯಣ ಮೊದಲಾಗಿದೆ. ಕುದುರೆಮುಖದ ಯಾವ ಎಲೆಗೂ ಅವರು ಹೊರಗಿನವರಲ್ಲ.

ಇನ್ನು ಬುಡದಲ್ಲಿ ಸುರಿದ ಬೂದಿಯ ಮಾತು. ಬೂದಿ ಕ್ಷಾರಗುಣವುಳ್ಳದ್ದು, ಮಳೆ ತೊಳೆದ ನಮ್ಮ ಮಲೆಯ ಮಣ್ಣು ಆಮ್ಲಗುಣದ್ದು. ತೋಟಕ್ಕೆ ಸುಣ್ಣ ಹಾಕುವ ಬೆಳೆಗಾರ ಅದನ್ನು ತೆಳುವಾಗಿ ಎರಚುತ್ತಾನೆಯೇ ಹೊರತು ಒಂದೇ ಗಿಡದ ಬುಡಕ್ಕೆ ಸುರಿಯುವುದಿಲ್ಲ. ಒಂದು ಮನೆಯವರ ಬೂದಿಯಿಂದ ಕಾಡು ಕೆಡುವುದಿಲ್ಲವೆಂಬುದು ನಿಜ. ಆದರೆ ಒಬ್ಬರು ಆರಿಸಿದ ಸುಂದರ ಸ್ಥಳವನ್ನೇ ನೂರು ಜನ ಆರಿಸುವರು. ಬೆಟ್ಟದ ನೆತ್ತಿಗಳಲ್ಲಿ ಬೂದಿ ಹಾಕುವುದರಿಂದ ಮಣ್ಣಿನ ಗುಣ ಬದಲಾಗಿ ಅಲ್ಲಿಯ ಸಸ್ಯಗಳಿಗೆ ಕೇಡಾಗುತ್ತದೆಂದು ಸ್ಕಾಟ್ಲೆಂಡಿನ ಪರ್ವತಾರೋಹಿಗಳ ಸಂಸ್ಥೆ 2006ರಲ್ಲಿ ಜನರನ್ನು ಎಚ್ಚರಿಸಬೇಕಾಯಿತು.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅಭಯಾರಣ್ಯದ ಪ್ರವೇಶಕ್ಕೆ ಅನುಮತಿ ಕೊಡಬಹುದಾದ ಉದ್ದೇಶಗಳನ್ನು ಹೆಸರಿಸಿದೆ: ಅಧ್ಯಯನ, ಛಾಯಾಚಿತ್ರ, ಪ್ರವಾಸ ಮೊದಲಾದುವು. ಬೂದಿವಿಸರ್ಜನೆ ಅವುಗಳಲ್ಲಿಲ್ಲ. ಕಾನೂನಿಗಿಂತ ದೊಡ್ಡ ಮಾತು ಇನ್ನೊಂದಿದೆ. 2001-02ರ ಸುಮಾರಿನಲ್ಲಿ ಭದ್ರಾ ಅರಣ್ಯದೊಳಗಿನ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು ಹುಲಿಗಳಿಗೆ ಎಡೆಮಾಡಿಕೊಟ್ಟು ಹೊರಗೆ ಬಂದುವು. ಮನೆ, ಗದ್ದೆಗಳ ಜೊತೆಗೆ ತಮ್ಮ ಪೂರ್ವಿಕರು ಮಣ್ಣಾದ ನೆಲವನ್ನೂ ಅವು ಬಿಟ್ಟುಬಂದುವು. ಅಲ್ಲಿಯೇ ಹುಟ್ಟಿದವರು ಬಿಟ್ಟುಕೊಟ್ಟ ಕಾಡಿನಲ್ಲಿ ಹೊರಗಿನವರು ತಮ್ಮದೆಂದು ಒಂದು ಮರವನ್ನು ಗುರುತಿಸಿಕೊಳ್ಳುವುದು ನ್ಯಾಯವೇ?

ಪರಮಾಣುಗಳ ಲೆಕ್ಕದಿಂದ ದುಃಖ ಶಮನವಾಗುವುದಿಲ್ಲ, ಮನಸ್ಸಿಗೆ ಒಂದು ಗುರುತು ಬೇಕು ಎನ್ನುವಿರಿ. ಒಪ್ಪತಕ್ಕ ಮಾತು. ಆ ಗುರುತು ನಮ್ಮ ತೋಟಗಳಲ್ಲಿಯೇ ಇರಲಿ. ಸಂರಕ್ಷಿತ ಅರಣ್ಯದ ಮರಕ್ಕೆ ಕಾನೂನಿನ ಕಾವಲಿದೆ. ತೋಟದ ಮರಕ್ಕೆ ಯಜಮಾನನ ಮನಸ್ಸೇ ಮುಖ್ಯ ಕಾವಲು. ಕಾಫಿಗೆ ನೆರಳು ಕೊಡುತ್ತಿದ್ದ ಅತ್ತಿ, ಬಸರಿ, ಗೋಣಿ, ನೇರಳೆ, ಹಲಸುಗಳ ಎಡೆಯಲ್ಲಿ ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ಹಬ್ಬುತ್ತಿದೆ. ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೇರವಾದ ಆಸರೆಯಾಗುತ್ತದೆ, ಮಾರಾಟಕ್ಕೂ ಸುಲಭ. ಆದರೆ ಅತ್ತಿಯ ಹಣ್ಣಿಗೆ ಬರುವ ಮಂಗಟ್ಟೆ ಹಕ್ಕಿಗೆ ಅದರಲ್ಲಿ ಆಹಾರವಿಲ್ಲ.

ತೋಟದ ಹಳೆಯ ಅತ್ತಿಯ ಮರವೊಂದನ್ನು ಅಜ್ಜನ ಹೆಸರಿನಲ್ಲಿ ನಿಲ್ಲಿಸಿಕೊಂಡರೆ, ಬೆಲೆ ಕುಸಿದ ವರ್ಷದಲ್ಲಿಯೂ ಮೊಮ್ಮಗ ಅದಕ್ಕೆ ಕೊಡಲಿ ಹಾಕಲು ಹಿಂಜರಿಯುವನು. ಬೂದಿಯನ್ನು ಬುಡದಿಂದ ದೂರವಾಗಿ, ತೆಳುವಾಗಿ ಎರಚಿ ಮಣ್ಣಿನಲ್ಲಿ ಬೆರೆಸಬಹುದು. ತೋಟವಿಲ್ಲದವರು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಶಾಲೆಯ ಬಯಲಿನಲ್ಲಿ ಒಂದು ಸಸಿಯನ್ನು ನೆಟ್ಟು, ಬೇಸಗೆಯಲ್ಲಿ ನೀರೆರೆಯಬಹುದು. ಕಾಡಿನ ಮಹಾವೃಕ್ಷಕ್ಕೆ ನಮ್ಮ ಅಗತ್ಯವಿಲ್ಲ. ಅದನ್ನು ಅದರ ಪಾಡಿಗೆ ಬಿಡುವುದೇ ನಾವು ಸಲ್ಲಿಸಬಹುದಾದ ಗೌರವ. ನಮ್ಮ ನೆನಪಿನಿಂದ ಉಳಿಯಬೇಕಾದ ಮರಗಳು ಬೇಲಿಯ ಈಚೆಗಿವೆ.